ಆಯುಸ್ಸೂ ಬಾಳೂ : ಯಕೃತ್ತಿನ ಕಸಿಯ ಇತಿಹಾಸದಲ್ಲಿ ಒಂದು ವಿಚಾರ

೧

ತೋಟಗಾರನ ಮಾತು ವೈದ್ಯನ ಮಾತಾಗಿ ಪರಿಣಮಿಸಿರುವುದಕ್ಕೆ ‘ಕಸಿ’ ಎಂಬ ಶಬ್ದವು ಒಳ್ಳೆಯ ನಿದರ್ಶನವಾಗಿದೆ. ಒಳ್ಳೆಯ ಜಾತಿಯ ಮಾವಿನ ಕುಡಿಯನ್ನು ಕಾಡುಮಾವಿನ ಗಿಡಕ್ಕೆ ಕೂಡಿಸಿ ಕಟ್ಟುವುದನ್ನು ಕನ್ನಡಿಗರು ಕಸಿಯೆಂದು ಕರೆಯುತ್ತ ಬಂದಿದ್ದಾರೆ. ಒಬ್ಬ ಮನುಷ್ಯನ ಅಂಗವನ್ನು ಇನ್ನೊಬ್ಬನ ದೇಹದಲ್ಲಿ ಕೂಡಿಸುವ ಶಸ್ತ್ರಕರ್ಮಕ್ಕೂ ಈಗ ಅದೇ ಹೆಸರು ಸಂದಿದೆ. ಇಂಗ್ಲಿಷಿನ ‘ಟ್ರಾನ್ಸ್‌ಪ್ಲಾಂಟೇಷನ್’ ಎಂಬ ಪದವೂ ಸಸಿಯನ್ನು ಒಂದೆಡೆಯಿಂದ ಕಿತ್ತು ಮತ್ತೊಂದೆಡೆ ನೆಡುವುದೆಂಬ ಅರ್ಥದಿಂದಲೇ ಹೊರಟುದು. ಆದರೆ ಈ ಸಾದೃಶ್ಯವು ಪೂರ್ಣವಾದುದಲ್ಲ. ಕುಡಿಯು ಗಿಡದೊಡನೆ ಬೆರೆತ ಮೇಲೆ ತೋಟಗಾರನು ಕಟ್ಟನ್ನು ಬಿಚ್ಚಿ ತನ್ನ ಪಾಡಿಗೆ ಹೋಗಬಹುದು. ಮನುಷ್ಯದೇಹದಲ್ಲಿ ನೆಟ್ಟ ಪರಕೀಯವಾದ ಅಂಗಕ್ಕೆ ಕಟ್ಟು ಬಿಚ್ಚುವ ದಿನವು ಸಾಮಾನ್ಯವಾಗಿ ಬರುವುದೇ ಇಲ್ಲ. ದೇಹವು ಆ ಅಂಗವನ್ನು ಅನ್ಯವೆಂದು ಗುರುತಿಸುತ್ತಲೇ ಇರುತ್ತದೆ. ಔಷಧವು ಆ ವಿರೋಧವನ್ನು ತಡೆಯುತ್ತಲೇ ಇರಬೇಕಾಗುತ್ತದೆ.

ಹೀಗಿರುವಲ್ಲಿ ಕಸಿಯಿಂದ ರೋಗಿಗೆ ದೊರೆಯುವುದೇನೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಆಯುಸ್ಸು ದೊರೆಯುತ್ತದೆಯೆಂಬುದು ನಿರ್ವಿವಾದವಾದ ಸಂಗತಿ. ಆದರೆ ಆಯುಸ್ಸು ಬೇರೆ, ಬಾಳು ಬೇರೆ. ‘ಜೀವದಿಂದಿದ್ದಾನೆ’ ಎಂಬುದಕ್ಕೂ ‘ಬಾಳುತ್ತಿದ್ದಾನೆ’ ಎಂಬುದಕ್ಕೂ ಇರುವ ಅಂತರವನ್ನು ನಮ್ಮ ಮನೆಮಾತೇ ಬಲ್ಲುದು. ಯಕೃತ್ತಿನ ಕಸಿಗೆ ೧೯೬೩ರಿಂದ ಈಚೆಗೆ ಅರುವತ್ತಕ್ಕೂ ಮಿಕ್ಕ ವರ್ಷಗಳ ಇತಿಹಾಸವುಂಟು. ಆ ಅವಧಿಯಲ್ಲಿ ವೈದ್ಯರು ಮೊದಲು ಯಾವುದನ್ನು ಎಣಿಸಿದರು, ಅನಂತರ ಯಾವುದನ್ನು ಅಳೆಯಲು ತೊಡಗಿದರು, ಆ ಅಳತೆಯಿಂದ ರೋಗಿಯ ಪೂರ್ವೋತ್ತರಸ್ಥಿತಿಗಳ ವಿಷಯದಲ್ಲಿ ಏನು ತಿಳಿದುಬಂದಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨

ಮೊದಲು ಕಸಿಗೆ ಹಿಂದಿನ ಸ್ಥಿತಿಯನ್ನು ನೋಡತಕ್ಕದ್ದು. ಪಾಠಪುಸ್ತಕಗಳಲ್ಲಿ ಪಿತ್ತಜನಕಾಂಗವೆಂದು ಹೆಸರಾದ ಯಕೃತ್ತು ದೇಹದೊಳಗಣ ಅಂಗಗಳಲ್ಲೆಲ್ಲ ದೊಡ್ಡದು. ಪ್ರಾಯಸ್ಥನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಪಿತ್ತವನ್ನು ಸ್ರವಿಸುವುದು, ರಕ್ತವು ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ಸಿದ್ಧಪಡಿಸುವುದು, ಕರುಳಿನಿಂದ ಬಂದ ವಿಷಾಂಶಗಳನ್ನು ಹದಗೆಡಿಸುವುದು ಮೊದಲಾದ ನಾನಾ ಕಾರ್ಯಗಳನ್ನು ಅದು ಮಾಡುತ್ತದೆ. ಮದ್ಯ, ಕಾಮಾಲೆಯ ಸೂಕ್ಷ್ಮಜೀವಿಗಳು, ಕೊಬ್ಬು, ಹುಟ್ಟಿನಿಂದಲೇ ಪಿತ್ತನಾಳಗಳಿಗೆ ಬಂದ ದೋಷ ಇವುಗಳಲ್ಲಿ ಯಾವುದೊಂದು ಕಾರಣದಿಂದಲಾದರೂ ಅದು ವರ್ಷಗಟ್ಟಲೆ ಗಾಯಗೊಂಡು, ಮಾಯ್ದು, ಮತ್ತೆ ಗಾಯಗೊಂಡರೆ ಕೊನೆಗೆ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಈ ಅವಸ್ಥೆಗೆ ‘ಸಿರೋಸಿಸ್’ ಎಂಬ ಹೆಸರನ್ನು ೧೮೧೯ರಲ್ಲಿ ಫ್ರಾನ್ಸಿನ ವೈದ್ಯನಾದ ಲೆನೆಕ್ ಎಂಬಾತನು ಕೊಟ್ಟನು. ಆ ಹೆಸರು ಯಕೃತ್ತಿನ ಕಂದುಹಳದಿ ಬಣ್ಣವನ್ನು ಹೇಳುವ ಗ್ರೀಕ್ ಶಬ್ದದಿಂದ ಬಂದುದು.

ಈ ಅವಸ್ಥೆಯ ಕೊನೆಗಾಲದಲ್ಲಿ ರೋಗಿಯ ದಿನಚರಿಯೇ ತಲೆಕೆಳಗಾಗುವುದು. ಹೊಟ್ಟೆಯಲ್ಲಿ ನೀರು ತುಂಬಿ ಉಸಿರು ಕಟ್ಟುವುದು. ಕೈಕಾಲುಗಳ ಮಾಂಸವು ಕರಗಿ ಹೊಟ್ಟೆಯೊಂದೇ ದೊಡ್ಡದಾಗಿ ಕಾಣುವುದು. ಉಪ್ಪನ್ನು ಬಿಟ್ಟ ಊಟವು ರುಚಿಸದು. ಕೆಲವರಿಗೆ ರಾತ್ರಿಯೆಲ್ಲ ಚರ್ಮವನ್ನು ಕೆರೆದುಕೊಳ್ಳುವಂತಾಗುವ ನವೆಯುಂಟಾಗುವುದು. ಅನ್ನನಾಳದ ಸಿರೆಗಳು ಉಬ್ಬಿ, ಒಡೆದು, ರಕ್ತವಾಂತಿಯಾಗುವ ಭಯವು ಯಾವಾಗಲೂ ಇರುವುದು. ಇವೆಲ್ಲಕ್ಕಿಂತ ಮನೆಯವರನ್ನು ಹೆಚ್ಚು ನೋಯಿಸುವುದು ಬುದ್ಧಿಯ ವಿಕಾರ. ವಿಷಾಂಶಗಳು ಮೆದುಳನ್ನು ಮುಟ್ಟಿದಾಗ ರೋಗಿಯು ಹಗಲಲ್ಲಿ ತೂಕಡಿಸಿ ಇರುಳಲ್ಲಿ ಎಚ್ಚರವಾಗಿರುವನು, ಮಾತು ತೊದಲುವುದು, ಸೌಮ್ಯನಾದವನು ಸಿಡುಕನಾಗುವನು, ಕೈಬರಹವು ದಿನದಿನಕ್ಕೆ ಕೆಡುವುದು. ಈ ಕಾರಣದಿಂದಲೇ ರೋಗಿಯಿಂದ ದಿನವೂ ಒಂದು ಸಾಲನ್ನು ಬರೆಯಿಸಿ ನೋಡುವ ಪದ್ಧತಿಯು ವೈದ್ಯರಲ್ಲಿ ಬಳಕೆಗೆ ಬಂದಿತು. ತನ್ನ ಗಂಡನು, ತನ್ನ ತಂದೆಯು, ಎದುರಿಗಿದ್ದೂ ತಾನಲ್ಲದವನಾದನೆಂಬ ಸಂಕಟವು ಈ ರೋಗದ ಮನೆಗಳಲ್ಲಿ ಸಾಮಾನ್ಯವಾದುದು.

ಭಾರತೀಯ ವೈದ್ಯಗ್ರಂಥಗಳಿಗೆ ಈ ಲಕ್ಷಣಗಳಲ್ಲಿ ಅನೇಕವು ಪರಿಚಿತವಾಗಿದ್ದುವು. ಚರಕಸಂಹಿತೆಯು ಕಾಮಾಲೆಯನ್ನು ಪಾಂಡುರೋಗದ ಪ್ರಕರಣದಲ್ಲಿ ಹೇಳುತ್ತದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜಲೋದರದ ರೋಗಿಯ ಹೊಟ್ಟೆಯನ್ನು ಹೊಕ್ಕುಳಿನ ಕೆಳಗೆ ಎಡಭಾಗದಲ್ಲಿ ಚುಚ್ಚಿ ನೀರನ್ನು ತೆಗೆಯುವ ಕ್ರಮವು ವಿವರಿಸಲ್ಪಟ್ಟಿದೆ. ನೀರನ್ನೆಲ್ಲ ಒಂದೇ ದಿನದಲ್ಲಿ ತೆಗೆಯಬಾರದೆಂದೂ, ತೆಗೆದ ಮೇಲೆ ಹೊಟ್ಟೆಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಬೇಕೆಂದೂ ಅಲ್ಲಿ ವಿಧಿಸಿದೆ. ದೊಡ್ಡ ಪ್ರಮಾಣದ ನೀರನ್ನು ಒಮ್ಮೆಗೇ ತೆಗೆದರೆ ರೋಗಿಯು ಕುಸಿಯುವನೆಂಬ ಅನುಭವವು ಈ ನಿಷೇಧದ ಹಿಂದೆ ಇದ್ದಿರಬೇಕು. ಆದರೆ ಇದು ಉಪಶಮನವೇ ಹೊರತು ಪರಿಹಾರವಲ್ಲವೆಂಬುದು ಆ ಶಾಸ್ತ್ರಕಾರರಿಗೆ ತಿಳಿದಿತ್ತು. ನೀರು ತುಂಬಿಕೊಂಡ ಉದರರೋಗವನ್ನು ಅವರು ಬಹುಮಟ್ಟಿಗೆ ಕೈಮೀರಿದುದೆಂದೇ ಎಣಿಸಿದ್ದರು.

ಇದೇ ಶಾಸ್ತ್ರವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿರುವುದನ್ನು ಇಲ್ಲಿ ನೆನೆಯಬೇಕು. ಗುಣವಾಗುವುದು ಸಾಧ್ಯ, ಏನು ಮಾಡಿದರೂ ಗುಣವಾಗದುದು ಅಸಾಧ್ಯ. ಇವೆರಡರ ನಡುವೆ ಇರುವುದು ಯಾಪ್ಯ. ಚಿಕಿತ್ಸೆಯು ನಡೆಯುತ್ತಿರುವವರೆಗೂ ಅಡಗಿದ್ದು, ಚಿಕಿತ್ಸೆಯು ನಿಂತೊಡನೆ ಕೆರಳಿ ರೋಗಿಯನ್ನು ಕೊಲ್ಲುವ ವ್ಯಾಧಿಗೆ ಆ ಹೆಸರು. ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಊರೆಗಂಬಕ್ಕೆ ಸುಶ್ರುತನು ಈ ಚಿಕಿತ್ಸೆಯನ್ನು ಹೋಲಿಸಿದ್ದಾನೆ. ಈ ಮೂರು ಶಬ್ದಗಳು ಮುಂದಿನ ಇತಿಹಾಸವನ್ನು ತಿಳಿಯಲು ಬಹಳ ಉಪಯುಕ್ತವಾದುವು.

೩

ಕೆಟ್ಟ ಯಕೃತ್ತಿಗೆ ಬದಲಾಗಿ ಬೇರೊಂದನ್ನು ಇಡಬಹುದೆಂಬ ಯೋಚನೆಯು ಇಪ್ಪತ್ತನೆಯ ಶತಮಾನದ ನಡುಗಾಲದ್ದು. ೧೯೫೫ರಲ್ಲಿ ಅಮೆರಿಕಾದ ಆಲ್ಬನಿ ನಗರದ ಸ್ಟುವರ್ಟ್ ವೆಲ್ಚ್ ಎಂಬವರು ನಾಯಿಯ ದೇಹದಲ್ಲಿ ಎರಡನೆಯದೊಂದು ಯಕೃತ್ತನ್ನು ಕೂಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ೧೯೫೮ರಿಂದ ಬಾಸ್ಟನ್ನಿನಲ್ಲಿ ಫ್ರಾನ್ಸಿಸ್ ಮೂರ್ ಎಂಬವರೂ ಷಿಕಾಗೋವಿನಲ್ಲಿ ಥಾಮಸ್ ಸ್ಟಾರ್ಜಲ್ ಎಂಬವರೂ ಪರಸ್ಪರ ಬೇರೆಯಾಗಿ, ಪ್ರಾಣಿಯ ಯಕೃತ್ತನ್ನು ಸಂಪೂರ್ಣವಾಗಿ ತೆಗೆದು ಅದೇ ಸ್ಥಾನದಲ್ಲಿ ಇನ್ನೊಂದನ್ನು ಇಡುವ ವಿಧಾನವನ್ನು ಅಭ್ಯಾಸಮಾಡಿದರು.

ಮನುಷ್ಯನಲ್ಲಿ ಈ ಶಸ್ತ್ರಕರ್ಮವು ಮೊದಲು ನಡೆದುದು ೧೯೬೩ನೆಯ ಇಸವಿ ಮಾರ್ಚ್ ೧ರಂದು, ಕೊಲರಾಡೋ ಪ್ರಾಂತದ ಡೆನ್ವರಿನಲ್ಲಿ, ಸ್ಟಾರ್ಜಲರ ಕೈಯಿಂದ. ರೋಗಿಯು ಪಿತ್ತನಾಳಗಳಿಲ್ಲದೆ ಹುಟ್ಟಿದ್ದ ಮೂರು ವರ್ಷದ ಮಗು. ರಕ್ತವು ಹೆಪ್ಪುಗಟ್ಟದೆ ಹರಿದು, ಮಗುವು ಶಸ್ತ್ರಶಾಲೆಯಲ್ಲೇ ತೀರಿಕೊಂಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕಸಿಗೊಂಡ ಎರಡನೆಯ ರೋಗಿಯು ೨೨ ದಿವಸ ಬದುಕಿದನು. ಮೊದಲನೆಯ ಮಗುವಿನ ರಕ್ತಸ್ರಾವದಿಂದ ಪಾಠ ಕಲಿತ ವೈದ್ಯರು ಈಗ ರಕ್ತವು ಹೆಪ್ಪುಗಟ್ಟುವಂತೆ ಎಚ್ಚರ ವಹಿಸಿದರು. ಆದರೆ ಶಸ್ತ್ರಕರ್ಮದ ಕಾಲದಲ್ಲಿ ರಕ್ತವನ್ನು ಹಾಯಿಸಲು ಬಳಸಿದ ನಳಿಕೆಗಳಲ್ಲಿ ಗರಣೆಗಟ್ಟಿದ ರಕ್ತವು ಶ್ವಾಸಕೋಶವನ್ನು ಸೇರಿ ಬೇರೊಂದು ಬಗೆಯ ವಿಪತ್ತನ್ನು ತಂದಿತು. ಡೆನ್ವರ್, ಬಾಸ್ಟನ್, ಪ್ಯಾರಿಸ್ ಈ ಮೂರು ನಗರಗಳಲ್ಲಿ ೧೯೬೪ರ ಆರಂಭದ ವೇಳೆಗೆ ಏಳು ಮಂದಿಗೆ ಕಸಿಯಾಗಿತ್ತು. ೨೩ ದಿವಸಗಳನ್ನು ದಾಟಿ ಬದುಕಿದವರು ಒಬ್ಬರೂ ಇರಲಿಲ್ಲ. ವೈದ್ಯರೇ ಸ್ವಇಚ್ಛೆಯಿಂದ ಈ ಕಾರ್ಯವನ್ನು ೧೯೬೭ರವರೆಗೂ ನಿಲ್ಲಿಸಿದರು.

ಈ ಕಾಲದ ವರದಿಗಳಲ್ಲಿ ಫಲವನ್ನು ಹೇಳುವ ಮಾನವು ದಿವಸಗಳು ಮಾತ್ರ. ಇಂಥ ರೋಗಿಯು ಇಷ್ಟು ದಿನ, ಇಂಥವನು ಇಷ್ಟು ದಿನ ಎಂಬುದೇ ಗಣನೆ. ಆ ದಿನಗಳು ಹೇಗೆ ಕಳೆದುವೆಂಬ ಪ್ರಶ್ನೆಗೆ ಎಡೆಯಿರಲಿಲ್ಲ. ಇದನ್ನು ವೈದ್ಯರ ನಿರ್ದಯತೆಯೆಂದು ತಿಳಿಯುವುದು ಸರಿಯಲ್ಲ. ಜೀವವೇ ಉಳಿಯದಿರುವಲ್ಲಿ ಬಾಳಿನ ವಿಚಾರವು ಮುಂದೆ ಬರಲಾರದು. ಉಳಿಯುವುದು ಸಾಧ್ಯವೆಂದು ತೋರಿಸುವುದೇ ಆಗಿನ ಕೆಲಸವಾಗಿತ್ತು.

೧೯೬೭ರ ಜುಲೈ ತಿಂಗಳಿನಲ್ಲಿ ಡೆನ್ವರಿನಲ್ಲಿ ಯಕೃತ್ತಿನ ಅರ್ಬುದದಿಂದ ನರಳುತ್ತಿದ್ದ ಸುಮಾರು ಒಂದೂವರೆ ವರ್ಷದ ಹೆಣ್ಣುಮಗುವಿಗೆ ಕಸಿಯಾಯಿತು. ಆ ಮಗುವು ಒಂದು ವರ್ಷವನ್ನು ದಾಟಿ ಬದುಕಿತು; ಕೊನೆಗೆ ತೀರಿಕೊಂಡುದು ಹಳೆಯ ಅರ್ಬುದವು ಮರುಕಳಿಸಿದುದರಿಂದಲೇ ಹೊರತು ಕಸಿಯ ದೋಷದಿಂದಲ್ಲ. ಗಣನೆಯು ದಿವಸಗಳಿಂದ ತಿಂಗಳುಗಳಿಗೆ, ತಿಂಗಳುಗಳಿಂದ ವರ್ಷಕ್ಕೆ ಏರಿದುದು ಇಲ್ಲಿಯೇ. ಮರುವರ್ಷ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ರಾಯ್ ಕಾಲ್ನ್ ಎಂಬವರು ಈ ಕಾರ್ಯವನ್ನು ಆರಂಭಿಸಿದರು. ಅದೇ ೧೯೬೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮೆದುಳಿನ ಮರಣದ ಲಕ್ಷಣಗಳನ್ನು ನಿರೂಪಿಸಿತು. ಹೃದಯವು ಇನ್ನೂ ಬಡಿಯುತ್ತಿರುವ ಮೃತದೇಹದಿಂದ ಅಂಗಗಳನ್ನು ಪಡೆಯುವುದಕ್ಕೆ ಅನೇಕ ದೇಶಗಳಲ್ಲಿ ಮುಂದೆ ಅದೇ ಆಧಾರವಾಯಿತು.

೪

ಆದರೂ ೧೯೭೦ರ ದಶಕವೆಲ್ಲ ಕಷ್ಟದ ಕಾಲವಾಗಿಯೇ ಉಳಿಯಿತು. ೧೯೬೩ರಿಂದ ೧೯೮೦ರ ಆರಂಭದವರೆಗೆ ಸ್ಟಾರ್ಜಲರ ಬಳಗದವರು ಕಸಿಮಾಡಿದ ೧೭೦ ಮಂದಿಯಲ್ಲಿ ಒಂದು ವರ್ಷ ಬದುಕಿದವರು ಮೂರರಲ್ಲೊಂದು ಪಾಲು. ಬದುಕಿದವರೂ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಔಷಧಗಳಿಂದ ಮುಖವು ಊದಿಕೊಂಡು, ಎಲುಬುಗಳು ಟೊಳ್ಳಾಗಿ, ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತಿದ್ದರು. ಈ ಕತ್ತಲೆಯ ನಡುವೆಯೂ ಕೆಲವು ಬೆಳಕಿನ ಸಂಗತಿಗಳುಂಟು. ೧೯೭೦ರಲ್ಲಿ ಡೆನ್ವರಿನಲ್ಲಿ ಕಸಿಗೊಂಡ ಒಬ್ಬ ಹೆಣ್ಣುಮಗುವು ಬೆಳೆದು ದೊಡ್ಡವಳಾಗಿ ನಾಲ್ವತ್ತು ವರ್ಷಗಳಿಗೂ ಮಿಕ್ಕು ಬಾಳಿದಳು. ಯಕೃತ್ತಿನ ಕಸಿಯಾದ ಸ್ತ್ರೀಯೊಬ್ಬಳು ಮಗುವನ್ನು ಹೆತ್ತ ವರದಿಯು ೧೯೭೮ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದಲ್ಲಿ ಅಂಗಕಸಿಯಾದವರ ಕ್ರೀಡಾಕೂಟವು ಮೊದಲ ಬಾರಿಗೆ ನಡೆಯಿತು. ಅಲ್ಲಿ ಸೇರಿದವರು ಮುಖ್ಯವಾಗಿ ಮೂತ್ರಪಿಂಡದ ಕಸಿಯಾದವರಾದರೂ, ಕಸಿಯ ಫಲವನ್ನು ಬದುಕಿದ ವರ್ಷಗಳಿಂದಲ್ಲದೆ ಓಡಿದ ಓಟದಿಂದಲೂ ತೋರಿಸಬಹುದೆಂಬ ಭಾವನೆಯು ಅಲ್ಲಿ ಬಹಿರಂಗವಾಗಿ ಕಾಣಿಸಿಕೊಂಡಿತು.

ಸ್ಥಿತಿಯನ್ನು ನಿಜವಾಗಿ ಬದಲಿಸಿದುದು ಮಣ್ಣಿನಿಂದ ಬಂದ ಔಷಧಗಳು. ನಾರ್ವೆ ದೇಶದ ಹಾರ್ಡಂಗರ್ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ ಪಡೆದ ಸೈಕ್ಲೋಸ್ಪೋರಿನ್ ಎಂಬ ದ್ರವ್ಯಕ್ಕೆ ದೇಹದ ವಿರೋಧವನ್ನು ತಗ್ಗಿಸುವ ಶಕ್ತಿಯಿದೆಯೆಂಬುದು ೧೯೭೨ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ೧೯೭೮ರಲ್ಲಿ ಕಾಲ್ನ್ ಅವರು ಅದನ್ನು ಕಸಿಯ ರೋಗಿಗಳಲ್ಲಿ ಬಳಸಿದರು. ೧೯೮೦ರಲ್ಲಿ ಸ್ಟಾರ್ಜಲರು ಅದನ್ನು ಅಲ್ಪಪ್ರಮಾಣದ ಸ್ಟೀರಾಯ್ಡಿನೊಡನೆ ಕೂಡಿಸಿ ಕೊಟ್ಟಾಗ ಮೊದಲ ಹನ್ನೆರಡು ಮಂದಿ ಯಕೃತ್ತಿನ ರೋಗಿಗಳಲ್ಲಿ ಹನ್ನೊಂದು ಮಂದಿ ಒಂದು ವರ್ಷವನ್ನು ದಾಟಿದರು. ೧೯೮೩ರ ಜೂನ್ ತಿಂಗಳಿನಲ್ಲಿ ಅಮೆರಿಕಾದ ರಾಷ್ಟ್ರೀಯ ಆರೋಗ್ಯಸಂಸ್ಥೆಗಳು ಕರೆದ ಸಭೆಯು ಅಮೆರಿಕಾ, ಇಂಗ್ಲೆಂಡ್, ಜರ್ಮನಿ, ಹಾಲೆಂಡ್ ದೇಶಗಳ ಅನುಭವವನ್ನು ಪರಿಶೀಲಿಸಿ, ಈ ಶಸ್ತ್ರಕರ್ಮವು ಇನ್ನು ಪ್ರಯೋಗವಲ್ಲ, ಚಿಕಿತ್ಸೆಯೆಂದು ಅಂಗೀಕರಿಸಿತು. ೧೯೮೪ರಲ್ಲಿ ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನಿಂದ ಟ್ಯಾಕ್ರೋಲಿಮಸ್ ಎಂಬ ಇನ್ನೂ ಬಲವಾದ ಔಷಧವು ದೊರೆಯಿತು. ೧೯೮೯ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅದು ರೋಗಿಗಳಿಗೆ ಉಪಯೋಗಿಸಲ್ಪಟ್ಟಿತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ವರ್ಷವನ್ನು ದಾಟುವವರ ಸಂಖ್ಯೆಯು ನೂರಕ್ಕೆ ೯೦ರ ಆಸುಪಾಸಿನಲ್ಲಿದೆ. ಬದುಕುವವರು ಹೆಚ್ಚಿದಂತೆಲ್ಲ ‘ಹೇಗೆ ಬದುಕುತ್ತಾರೆ’ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ವೈದ್ಯರಿಗೆ ಅಶಕ್ಯವಾಯಿತು.

೫

ಬಾಳನ್ನು ಅಳೆಯುವ ಪ್ರಯತ್ನವು ಯಕೃತ್ತಿನ ಕಸಿಗಿಂತ ಹಿಂದಿನದು. ೧೯೪೬ರಲ್ಲಿ ರಚಿತವಾದ ವಿಶ್ವ ಆರೋಗ್ಯ ಸಂಸ್ಥೆಯ ನಿಬಂಧನೆಯು, ಆರೋಗ್ಯವೆಂದರೆ ರೋಗದ ಅಭಾವ ಮಾತ್ರವಲ್ಲ, ದೇಹ, ಮನಸ್ಸು, ಸಮಾಜ ಈ ಮೂರರಲ್ಲಿಯೂ ಚೆನ್ನಾಗಿರುವುದು ಎಂದು ಲಕ್ಷಣವನ್ನು ಹೇಳಿತು. ೧೯೪೮ರಲ್ಲಿ ನ್ಯೂಯಾರ್ಕಿನ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಅರ್ಬುದರೋಗಿಗಳಿಗಾಗಿ ನೂರರಿಂದ ಸೊನ್ನೆಯವರೆಗಿನ ಒಂದು ಮಾನವನ್ನು ಏರ್ಪಡಿಸಿದರು. ಯಾವ ದೂರೂ ಇಲ್ಲದವನಿಗೆ ನೂರು, ಸತ್ತವನಿಗೆ ಸೊನ್ನೆ. ನಡುವಿನ ಅಂಕಗಳು ರೋಗಿಯು ತನ್ನ ಕೆಲಸವನ್ನು ತಾನು ಎಷ್ಟರಮಟ್ಟಿಗೆ ಮಾಡಿಕೊಳ್ಳಬಲ್ಲನೆಂಬುದನ್ನು ತಿಳಿಸುತ್ತವೆ. ಆದರೆ ಈ ಅಂಕವನ್ನು ಕೊಡುವವನು ವೈದ್ಯನೇ ಹೊರತು ರೋಗಿಯಲ್ಲ. ೧೯೯೨ರಲ್ಲಿ ಪ್ರಕಟವಾದ ಮೂವತ್ತಾರು ಪ್ರಶ್ನೆಗಳ ಪತ್ರಿಕೆಯು ಎಲ್ಲ ರೋಗಗಳಿಗೂ ಅನ್ವಯಿಸುವಂತಹುದು. ೧೯೯೯ರಲ್ಲಿ ಅಮೆರಿಕಾದ ಯೂನೂಸಿ ಮತ್ತು ಸಂಗಡಿಗರು ಯಕೃತ್ತಿನ ರೋಗಿಗಳಿಗೆಂದೇ ಇಪ್ಪತ್ತೊಂಬತ್ತು ಪ್ರಶ್ನೆಗಳನ್ನು ಸಿದ್ಧಪಡಿಸಿದರು. ಹೊಟ್ಟೆಯ ಬಾಧೆ, ಆಯಾಸ, ದೇಹದ ಇತರ ಲಕ್ಷಣಗಳು, ಚಟುವಟಿಕೆ, ಮನೋಭಾವ, ಚಿಂತೆ ಎಂಬ ಆರು ಭಾಗಗಳು ಅದರಲ್ಲಿವೆ. ಈ ಎರಡರಲ್ಲಿಯೂ ಉತ್ತರವನ್ನು ಕೊಡುವವನು ರೋಗಿಯೇ. ನೋಡುವವನ ಮಾತಿನಿಂದ ಅನುಭವಿಸುವವನ ಮಾತಿಗೆ ಪ್ರಾಮಾಣ್ಯವು ದಾಟಿದುದೇ ಈ ಐವತ್ತು ವರ್ಷಗಳ ಮುಖ್ಯವಾದ ಬದಲಾವಣೆ.

ಈ ಅಳತೆಗಳಿಂದ ತಿಳಿದುಬಂದುದೇನು? ೧೯೯೯ರಲ್ಲಿ ಬ್ರವಾಟಾ ಮತ್ತು ಸಂಗಡಿಗರು ೪೯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕಸಿಯಾದ ಮೇಲೆ ರೋಗಿಯ ಸ್ಥಿತಿಯು ಹಿಂದಿಗಿಂತ ಬಹಳ ಉತ್ತಮವಾಗುತ್ತದೆಯೆಂದೂ, ದೇಹಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ಲಾಭವು ಹೆಚ್ಚೆಂದೂ, ಮನಸ್ಸಿಗೆ ಸಂಬಂಧಿಸಿದ ವಿಷಯಗಳಲ್ಲಿ ಕಡಿಮೆಯೆಂದೂ ಅವರು ಕಂಡರು. ಅನಂತರದ ಪರಿಶೀಲನೆಗಳೂ ಬಹುಮಟ್ಟಿಗೆ ಇದನ್ನೇ ಸಮರ್ಥಿಸಿ, ಕಸಿಯಾದವರ ಸ್ಥಿತಿಯು ತಮ್ಮ ಹಿಂದಿನ ಸ್ಥಿತಿಗಿಂತ ಮೇಲಾದರೂ ಆರೋಗ್ಯವಂತರಾದ ನೆರೆಯವರ ಸ್ಥಿತಿಗೆ ಅನೇಕ ವಿಷಯಗಳಲ್ಲಿ ಸಮನಾಗುವುದಿಲ್ಲವೆಂಬ ಇನ್ನೊಂದು ಅಂಶವನ್ನು ಸ್ಪಷ್ಟಪಡಿಸಿದುವು. ಹೊಟ್ಟೆಯ ನೀರು ಇಂಗುತ್ತದೆ, ಕಣ್ಣಿನ ಹಳದಿಯು ಹೋಗುತ್ತದೆ, ನವೆಯು ನಿಲ್ಲುತ್ತದೆ, ಇರುಳಿನ ನಿದ್ರೆಯೂ ಹಗಲಿನ ಎಚ್ಚರವೂ ತಮ್ಮ ಸ್ಥಾನಗಳಿಗೆ ಮರಳುತ್ತವೆ. ಆದರೆ ಕೈನಡುಕ, ರಕ್ತದ ಒತ್ತಡ, ಸಿಹಿಮೂತ್ರ, ಮೂತ್ರಪಿಂಡದ ಕ್ಷಯ, ಸೋಂಕಿನ ಹೆದರಿಕೆ, ಅರ್ಬುದದ ಸಂಭವ ಇವು ಔಷಧಗಳ ಜೊತೆಯಲ್ಲಿ ಬರುತ್ತವೆ. ಆಯಾಸವು ಕೆಲವರನ್ನು ವರ್ಷಗಳವರೆಗೆ ಬಿಡುವುದಿಲ್ಲ. ಹಲವು ದೇಶಗಳ ವರದಿಗಳಲ್ಲಿ, ಸಂಬಳದ ಕೆಲಸಕ್ಕೆ ಮರಳಿದವರು ಅರ್ಧದಷ್ಟೂ ಇರುವುದಿಲ್ಲ. ಸಿ ಜಾತಿಯ ಕಾಮಾಲೆಯಿಂದ ಕಸಿಗೊಂಡವರಲ್ಲಿ ಅದೇ ಸೋಂಕು ಹೊಸ ಯಕೃತ್ತನ್ನೂ ಹಿಡಿಯುತ್ತಿತ್ತು. ೨೦೧೩ರಿಂದೀಚೆಗೆ ಬಂದ ಹೊಸ ಗುಳಿಗೆಗಳಿಂದ ಆ ಕಷ್ಟವು ಬಹಳಮಟ್ಟಿಗೆ ನೀಗಿತು.

ಇಂತಹ ಲೆಕ್ಕಗಳನ್ನು ಓದುವಾಗ ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಸತ್ತವರು ಪ್ರಶ್ನಪತ್ರಿಕೆಗೆ ಉತ್ತರವನ್ನು ಕೊಡುವುದಿಲ್ಲ. ಆದುದರಿಂದ ‘ಅನಂತರ’ದ ಅಂಕವು ಬದುಕುಳಿದವರ ಅಂಕ ಮಾತ್ರ. ಎರಡನೆಯದಾಗಿ, ಬುದ್ಧಿಯು ಮಸುಕಾಗಿರುವ ರೋಗಿಯು ತನ್ನ ‘ಹಿಂದಿನ’ ಸ್ಥಿತಿಯನ್ನು ತಾನೇ ಸರಿಯಾಗಿ ಹೇಳಲಾರನು. ಅವನಿಗೆ ಬದಲಾಗಿ ಹೆಂಡತಿಯೋ ಮಗನೋ ಹೇಳಿದರೆ ಅದು ಬೇರೊಬ್ಬರ ಸಾಕ್ಷ್ಯವಾಗುತ್ತದೆ. ಮೂರನೆಯದಾಗಿ, ಮನುಷ್ಯನ ಅಳತೆಗೋಲೇ ಅನುಭವದಿಂದ ಬದಲಾಗುತ್ತದೆ. ಮರಣದ ಬಾಗಿಲವರೆಗೆ ಹೋಗಿ ಬಂದವನು ಹತ್ತು ಮೆಟ್ಟಿಲನ್ನು ಹತ್ತಿದುದನ್ನು ದೊಡ್ಡ ಭಾಗ್ಯವೆಂದು ಎಣಿಸಬಹುದು. ಐದು ವರ್ಷಗಳ ಮೇಲೆ ಅದೇ ಮನುಷ್ಯನು ಹತ್ತೇ ಮೆಟ್ಟಿಲಿಗೆ ಏದುಸಿರು ಬರುವುದೆಂದು ಗೊಣಗಬಹುದು. ಅಂಕವು ಇಳಿದುದರಿಂದಲೇ ಸ್ಥಿತಿಯು ಕೆಟ್ಟಿತೆಂದು ನಿರ್ಣಯಿಸಲಾಗದು.

೬

ಪ್ರಶ್ನಪತ್ರಿಕೆಗಳು ಹೇಳಲಾರದುದನ್ನು ಒಬ್ಬ ಚಿತ್ರಕಾರನ ಜೀವನವು ಹೇಳುತ್ತದೆ. ಸ್ಕಾಟ್ಲೆಂಡಿನ ಪೋರ್ಟ್ ಸೆಟನ್ ಎಂಬ ಬೆಸ್ತರ ಹಳ್ಳಿಯಲ್ಲಿ ೧೯೪೨ರಲ್ಲಿ ಹುಟ್ಟಿದ ಜಾನ್ ಬೆಲನಿಯು ಆ ದೇಶದ ಪ್ರಸಿದ್ಧ ವರ್ಣಚಿತ್ರಕಾರರಲ್ಲೊಬ್ಬನು. ದೋಣಿಗಳು, ಮೀನುಗಳು, ಕಡಲು, ಮರಣ ಇವು ಅವನ ಚಿತ್ರಗಳ ವಸ್ತು. ಅತಿಯಾದ ಮದ್ಯಪಾನದಿಂದ ಅವನ ಯಕೃತ್ತು ಕೆಟ್ಟುಹೋಯಿತು. ೧೯೮೮ರಲ್ಲಿ ಕೇಂಬ್ರಿಜಿನ ಆಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಕಾಲ್ನ್ ಅವರು ಅವನಿಗೆ ಕಸಿಮಾಡಿದರು. ಎಚ್ಚರವಾದ ಸ್ವಲ್ಪ ಕಾಲದಲ್ಲೇ ಬೆಲನಿಯು ಬರೆಯುವ ಸಾಮಗ್ರಿಯನ್ನು ಕೇಳಿ ತರಿಸಿಕೊಂಡು, ಹಾಸಿಗೆಯಲ್ಲಿದ್ದುಕೊಂಡೇ ತನ್ನ ಚಿತ್ರವನ್ನು ತಾನು ಬರೆಯಲು ತೊಡಗಿದನು. ನಳಿಕೆಗಳು, ಹೊಲಿಗೆಯ ಗುರುತು, ಸೊರಗಿದ ಮುಖ ಇವೆಲ್ಲವನ್ನೂ ಆ ಆಸ್ಪತ್ರೆಯ ಚಿತ್ರಮಾಲೆಯಲ್ಲಿ ಅವನು ಮರೆಮಾಚದೆ ತೋರಿಸಿದ್ದಾನೆ. ಅನಂತರದ ಚಿತ್ರಗಳಲ್ಲಿ ಬಣ್ಣಗಳು ಹಿಂದಿಗಿಂತ ಬೆಳಗಿದುವೆಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ. ತನಗೆ ಕಸಿಮಾಡಿದ ಕಾಲ್ನರ ಚಿತ್ರವನ್ನೂ ಅವನು ಬರೆದನು. ಅದು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿದೆ. ಕಾಲ್ನರಾದರೋ ತಮ್ಮ ರೋಗಿಯಿಂದಲೇ ಚಿತ್ರಕಲೆಯ ಪಾಠವನ್ನು ಹೇಳಿಸಿಕೊಂಡು, ಕಸಿಗೊಂಡ ಇತರ ರೋಗಿಗಳ ಮುಖಗಳನ್ನು ತಾವೂ ಬರೆದರು. ವೈದ್ಯನು ರೋಗಿಯ ಮುಖವನ್ನು ಅಷ್ಟು ಹೊತ್ತು ನೋಡುವ ಅವಕಾಶವು ಪ್ರಶ್ನಪತ್ರಿಕೆಯಲ್ಲಿ ದೊರೆಯದು.

ಕಸಿಯಾದ ಮೇಲೆ ಬೆಲನಿಯು ಇಪ್ಪತ್ತೈದು ವರ್ಷಗಳಷ್ಟು ಕಾಲ ಬದುಕಿ ೨೦೧೩ರಲ್ಲಿ ತೀರಿಕೊಂಡನು. ಇಪ್ಪತ್ತೈದು ವರ್ಷವೆಂಬುದು ಆಯುಸ್ಸಿನ ಲೆಕ್ಕ. ಆ ವರ್ಷಗಳಲ್ಲಿ ಬರೆದ ಚಿತ್ರಗಳು ಬಾಳಿನ ಲೆಕ್ಕ. ಆದರೆ ಇಲ್ಲಿಯೂ ಒಂದು ಮಾತನ್ನು ಮರೆಯಬಾರದು. ಅವನು ಗುಣವಾಗಿ ವೈದ್ಯರನ್ನು ಬಿಟ್ಟುಹೋದವನಲ್ಲ. ಕಸಿಗೊಂಡ ಇತರರಂತೆ ಔಷಧವನ್ನೂ ಆಸ್ಪತ್ರೆಯನ್ನೂ ಆಶ್ರಯಿಸಿಕೊಂಡೇ ಬಾಳಿದವನು.

೭

ಬಾಳಿನ ವಿಚಾರವು ಇಷ್ಟು ಮುಂದುವರಿದಿದ್ದರೂ, ಅಂಗವನ್ನು ಯಾರಿಗೆ ಮೊದಲು ಕೊಡಬೇಕೆಂಬ ನಿರ್ಣಯದಲ್ಲಿ ಹಳೆಯ ಗಣನೆಯೇ ಮರಳಿ ಬಂದಿರುವುದು ಗಮನಾರ್ಹವಾಗಿದೆ. ಅಮೆರಿಕಾದಲ್ಲಿ ೨೦೦೨ರಿಂದ ‘ಮೆಲ್ಡ್’ ಎಂಬ ಅಂಕದಿಂದ ಸರದಿಯನ್ನು ಗೊತ್ತುಮಾಡುತ್ತ ಬಂದರು. ರಕ್ತದಲ್ಲಿನ ಪಿತ್ತವರ್ಣ, ರಕ್ತವು ಹೆಪ್ಪುಗಟ್ಟುವ ವೇಗ, ಮೂತ್ರಪಿಂಡದ ಸ್ಥಿತಿ ಈ ಮೂರರಿಂದ ಆರಂಭದಲ್ಲಿ ರಚಿತವಾದ ಆ ಅಂಕವು ರೋಗಿಯು ಮೂರು ತಿಂಗಳೊಳಗೆ ಸಾಯುವ ಸಂಭವವನ್ನು ಹೇಳುತ್ತದೆ. ಕಾದ ದಿನಗಳನ್ನು ಎಣಿಸುವ ಹಿಂದಿನ ಕ್ರಮಕ್ಕಿಂತ ಇದು ನ್ಯಾಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇರುಳೆಲ್ಲ ಕೆರೆದುಕೊಳ್ಳುವವನ ನವೆಗಾಗಲಿ, ಹಾಸಿಗೆಯಿಂದ ಏಳಲಾರದವನ ಆಯಾಸಕ್ಕಾಗಲಿ, ಮಗಳ ಹೆಸರನ್ನು ಮರೆತವನ ಮಬ್ಬಿಗಾಗಲಿ ಆ ಅಂಕದಲ್ಲಿ ಸ್ಥಾನವಿಲ್ಲ. ಅಂಗಗಳು ವಿರಳವಾಗಿರುವುದರಿಂದ ಸಾವಿನ ಸಮೀಪದಲ್ಲಿರುವವನಿಗೇ ಮೊದಲು ಸಲ್ಲಬೇಕಾಗುತ್ತದೆ. ಬಾಳು ಕೆಟ್ಟಿದ್ದೂ ಆಯುಸ್ಸು ಇನ್ನೂ ಉಳಿದಿರುವವನು ಕಾಯಬೇಕಾಗುತ್ತದೆ.

ಈ ವಿರಳತೆಯಿಂದಲೇ ಜೀವಂತರು ತಮ್ಮ ಯಕೃತ್ತಿನ ಭಾಗವನ್ನು ಕೊಡುವ ಪದ್ಧತಿಯು ಹುಟ್ಟಿತು. ಕತ್ತರಿಸಿ ಉಳಿದ ಭಾಗವು ಕೆಲವು ತಿಂಗಳುಗಳಲ್ಲಿ ಮೊದಲಿನ ಗಾತ್ರದ ಹತ್ತಿರಕ್ಕೆ ಬೆಳೆಯುವುದು ಈ ಅಂಗದ ವಿಶೇಷ. ೧೯೮೯ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜಪಾನೀ ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಅವಳ ಮಗನಿಗೆ ಕೂಡಿಸಿದುದು ಇಂತಹ ಕಸಿಗಳಲ್ಲಿ ಸಫಲವಾದ ಮೊದಲನೆಯದು. ಭಾರತದಲ್ಲಿ ೧೯೯೪ರ ಮಾನವ ಅಂಗಗಳ ಕಸಿಯ ಕಾನೂನು ಮೆದುಳಿನ ಮರಣವನ್ನು ಅಂಗೀಕರಿಸಿತು. ೧೯೯೮ರ ನವಂಬರಿನಲ್ಲಿ ದೆಹಲಿಯಲ್ಲಿ ತಂದೆಯ ಯಕೃತ್ತಿನ ಭಾಗವನ್ನು ಎರಡು ವರ್ಷವೂ ತುಂಬದ ಮಗುವಿಗೆ ಕೂಡಿಸಲಾಯಿತು. ಆ ಮಗುವು ಬೆಳೆದು ತಾನೇ ವೈದ್ಯನಾದುದು ಈ ಇತಿಹಾಸದ ಸಂತೋಷಕರವಾದ ಪುಟಗಳಲ್ಲೊಂದು. ಇಂದು ಭಾರತದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಜೀವಂತ ಬಂಧುಗಳು ಕೊಟ್ಟುವೇ ಆಗಿವೆ. ಕೊಡುವವರಲ್ಲಿ ತಾಯಂದಿರು, ಹೆಂಡಂದಿರು, ಹೆಣ್ಣುಮಕ್ಕಳು ಹೆಚ್ಚು.

ಹೀಗಾಗುವಲ್ಲಿ ‘ಹಿಂದೆ’ ಮತ್ತು ‘ಅನಂತರ’ ಎಂಬ ವಿಚಾರವು ಒಬ್ಬನ ದೇಹವನ್ನು ಮೀರುತ್ತದೆ. ಆರೋಗ್ಯವಾಗಿದ್ದ ಹೆಂಡತಿಯು ತನಗೆ ಅವಶ್ಯವಿಲ್ಲದ ಶಸ್ತ್ರಕರ್ಮಕ್ಕೆ ಒಳಗಾಗುತ್ತಾಳೆ. ಬಹುಮಂದಿ ದಾನಿಗಳು ಕೆಲವು ತಿಂಗಳುಗಳಲ್ಲಿ ಮೊದಲಿನಂತಾಗುತ್ತಾರೆ. ಆದರೆ ಅಪರೂಪವಾಗಿಯಾದರೂ ದಾನಿಯೇ ಸತ್ತ ಸಂದರ್ಭಗಳು ಹಲವು ದೇಶಗಳಲ್ಲಿ ದಾಖಲೆಯಾಗಿವೆ. ಖರ್ಚು ಹಲವು ಲಕ್ಷ ರೂಪಾಯಿಗಳಷ್ಟಾಗುವುದರಿಂದ ಮನೆಯವರು ಸಾಲಕ್ಕೆ ಸಿಕ್ಕುವುದುಂಟು. ಔಷಧದ ಖರ್ಚಾದರೋ ಜೀವಮಾನವಿಡೀ ನಿಲ್ಲುವುದಿಲ್ಲ. ರೋಗಿಯ ಬಾಳನ್ನು ಮಾತ್ರ ಅಳೆದು ಮನೆಯ ಬಾಳನ್ನು ಬಿಟ್ಟರೆ ಆ ಅಳತೆಯು ನಮ್ಮ ದೇಶಕ್ಕೆ ಹೊಂದಲಾರದು. ಮೃತರಿಂದ ಬರುವ ಅಂಗಗಳು ಹೆಚ್ಚಿದಷ್ಟೂ ಈ ಭಾರವು ಕಡಿಮೆಯಾಗುವುದು. ಕರ್ನಾಟಕದಲ್ಲಿ ಅಂತಹ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗೆ ‘ಜೀವಸಾರ್ಥಕತೆ’ ಎಂಬ ಹೆಸರನ್ನಿಟ್ಟಿರುವುದು ಉಚಿತವಾಗಿದೆ. ಆಯುಸ್ಸು ಮುಗಿದವನ ಬಾಳಿಗೂ ಅರ್ಥವುಂಟೆಂಬ ಭಾವನೆಯು ಆ ಹೆಸರಿನಲ್ಲಿ ಅಡಗಿದೆ.

೮

ಮೇಲಿನ ವಿಚಾರದಿಂದ ಸಿದ್ಧವಾಗುವ ಅಂಶವಿಷ್ಟು. ಕಸಿಯಾದವನು ಗುಣವಾದನೆ ಎಂಬ ಪ್ರಶ್ನೆಗೆ ‘ಹೌದು’ ಎಂದರೂ ‘ಇಲ್ಲ’ ಎಂದರೂ ತಪ್ಪಾಗುತ್ತದೆ. ಹೌದೆಂದು ನಂಬಿದ ರೋಗಿಯು ಔಷಧದಲ್ಲಿ ಉದಾಸೀನನಾಗಿ ಅಂಗವನ್ನು ಕಳೆದುಕೊಳ್ಳುವನು. ಇಲ್ಲವೆ ಆಯಾಸವು ಉಳಿದುದಕ್ಕೆ ತನ್ನನ್ನೇ ದೂಷಿಸಿಕೊಳ್ಳುವನು. ಮನೆಯವರೂ ‘ಎಲ್ಲ ಸರಿಹೋಯಿತಲ್ಲ, ಇನ್ನೇಕೆ ಕೊರಗು?’ ಎಂದು ಅವನನ್ನು ನೋಯಿಸುವರು. ಇಲ್ಲವೆಂದು ನಂಬಿದವನು ಶಸ್ತ್ರಕರ್ಮಕ್ಕೆ ಒಪ್ಪದೆ, ದೊರೆಯಬಹುದಾಗಿದ್ದ ಇಪ್ಪತ್ತು ವರ್ಷಗಳನ್ನು ಬಿಟ್ಟುಕೊಡುವನು. ಸುಶ್ರುತನ ಹಳೆಯ ವಿಂಗಡಣೆಯಲ್ಲಿ ಈ ಎರಡರ ನಡುವಣ ಉತ್ತರವು ಸಿದ್ಧವಾಗಿದೆ. ಯಕೃತ್ತಿನ ಕಸಿಯು ಅಸಾಧ್ಯವಾಗಿದ್ದ ವ್ಯಾಧಿಯನ್ನು ಸಾಧ್ಯವನ್ನಾಗಿ ಮಾಡಲಿಲ್ಲ, ಯಾಪ್ಯವನ್ನಾಗಿ ಮಾಡಿತು.

ಇದು ಅಲ್ಪವಾದ ಸಾಧನೆಯೆಂದು ಯಾರೂ ತಿಳಿಯಬೇಕಾಗಿಲ್ಲ. ೧೯೬೩ರಲ್ಲಿ ೨೨ ದಿವಸಗಳೆಂದು ಲೆಕ್ಕವಿಟ್ಟ ಸ್ಥಳದಲ್ಲಿ ಇಂದು ಮಕ್ಕಳನ್ನು ಹೆತ್ತವರೂ, ಚಿತ್ರವನ್ನು ಬರೆದವರೂ, ವೈದ್ಯರಾದವರೂ ಇದ್ದಾರೆ. ಊರೆಗಂಬವನ್ನು ಕೊಟ್ಟ ಮನೆಯಲ್ಲಿ ಜನರು ವಾಸಿಸುತ್ತಾರೆ, ಅಡುಗೆ ನಡೆಯುತ್ತದೆ, ಮದುವೆಗಳೂ ಆಗುತ್ತವೆ. ಕಂಬವನ್ನು ಆಗಾಗ ನೋಡಿಕೊಳ್ಳುತ್ತಿರಬೇಕೆಂಬುದನ್ನು ಮನೆಯವರೆಲ್ಲರೂ ಮೊದಲೇ ತಿಳಿದಿದ್ದರೆ ಸಾಕು. ಶಸ್ತ್ರಕರ್ಮಕ್ಕೆ ಮುಂಚೆ ವೈದ್ಯನು ರೋಗಿಗೂ ದಾನಿಗೂ ತಿಳಿಯಹೇಳಬೇಕಾದುದು ಮುಖ್ಯವಾಗಿ ಇದನ್ನೇ.